ಸಿದ್ದಮಲ್ಲಪ್ಪನ ಬಸ್ಸು ಒಕ್ಕಲಾದದ್ದು

ನಮ್ಮ ಬೀದಿಯಲ್ಲಿ ಯಾರ ತಲೆಗೆ ಹೊಸ ಆಲೋಚನೆ ಬಂದರೂ ಅದರ ಸುಸ್ತು ನನಗೆ ಬರುತ್ತದೆ. ಕಾರಣ ಇಷ್ಟೆ: ನನ್ನ ಮನೆಯ ಪಕ್ಕದಲ್ಲಿ ನನ್ನದೇ ಒಂದು ಖಾಲಿ ಸೈಟಿದೆ. ಚಾಮರಾಜನಗರದಂಥ ಊರಿನಲ್ಲಿ ಖಾಲಿ ಸೈಟು ಇಟ್ಟುಕೊಂಡವನು ಊರಿಗೆಲ್ಲ ಆಳು. ಶಾಮಿಯಾನದ ಗಳ, ಮದುವೆಮನೆಯ ಪಾತ್ರೆ, ಯಾರದೋ ಮನೆಗೆ ತಂದ ಜಲ್ಲಿ, ಎಲ್ಲವೂ "ಶಶಣ್ಣ, ಎರಡೇ ದಿನ" ಎಂದು ಬಂದು ಅಲ್ಲಿ ಕೂರುತ್ತವೆ. ನಾನು ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವನು. ದಿನವೆಲ್ಲ ಬೇರೆಯವರ ಕಾಗದ ನೋಡಿ ದಣಿದವನಿಗೆ ಮನೆಗೆ ಬಂದು ಜಗಳ ಆಡುವ ತ್ರಾಣ ಉಳಿದಿರುವುದಿಲ್ಲ. ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ಕಿಟಕಿ ತೆಗೆದಾಗ ಬೆಳಕಿನ ಬದಲು ಬಸ್ಸು ಕಂಡರೂ ನನಗೆ ಸಿಟ್ಟು ಬರಲಿಲ್ಲ. ಕಿಟಕಿ ಮುಚ್ಚಿ ಮತ್ತೆ ಮಲಗಿಕೊಂಡೆ.

ಬಸ್ಸು ಎದುರುಮನೆಯ ಸಿದ್ದಮಲ್ಲಪ್ಪನದು. ಅರಿಶಿನದ ಮಂಡಿಯಲ್ಲಿ ಕೂತು ಕೂತು ಬನೀನು, ಕರ್ಚೀಫು ಎಲ್ಲ ಕಾಯಂ ಹಳದಿಯಾದ ಮನುಷ್ಯ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಓಡಿ ಓಡಿ ಸಾಕಾಗಿ ಗುಜರಿಗೆ ಹೊರಟಿದ್ದ ಹಳೆಯ ಪ್ರೈವೇಟ್ ಬಸ್ಸೊಂದನ್ನು ಅವನು ಕೊಂಡಿದ್ದ. ಸೀಟು ಕೀಳಿಸಿ ಒಂದು ಕಡೆ ಮಂಚ, ಇನ್ನೊಂದು ಕಡೆ ಗ್ಯಾಸ್ ಒಲೆ ಮತ್ತು ಸಿಂಕು, ಡ್ರೈವರ್ ಬೆನ್ನಿಗೆ ದೇವರ ಗೂಡು ಮಾಡಿಸಿದ್ದ. ನೆಂಟರಿಷ್ಟರೆಲ್ಲ ಒಟ್ಟಿಗೆ ಟೂರು ಹೋಗಬೇಕು, ಅದರಲ್ಲೇ ಉಣ್ಣಬೇಕು, ಅದರಲ್ಲೇ ಮಲಗಬೇಕು ಎನ್ನುವುದು ಅವನ ಯೋಜನೆ.

ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಹತ್ತಿದ ಹುಚ್ಚು ಇದು ಎಂದು ಬೀದಿ ಮಾತಾಡಿಕೊಂಡಿತು. ಅದು ಅರ್ಧ ನಿಜ. ಉಳಿದರ್ಧ ಅವನ ಹೆಂಡತಿ ಲಕ್ಷ್ಮಿದೇವಿ. ಮದುವೆಯ ಹೊಸದರಲ್ಲಿ ಅವಳಿಗೆ ಸಮುದ್ರ ತೋರಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಆಮೇಲೆ ಮಂಡಿಯವರ ಜೊತೆ ಅವನೇನೋ ಗೋವಾ, ಕನ್ಯಾಕುಮಾರಿ ಎಲ್ಲ ನೋಡಿ ಬಂದ. ಅವಳನ್ನು ಕರೆದಾಗಲೆಲ್ಲ ಅವಳದು ಒಂದೇ ಮಾತು: "ಮನೆ ಬುಟ್ಟು ಹೆಂಗ್ರೀ ಬರದು?" ಮಾತು ಸುಳ್ಳಲ್ಲ. ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿದ ತಪ್ಪಿಗೆ, ಕುದೇರು ಕಡೆಯ ನೆಂಟರಲ್ಲಿ ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಪಹಣಿಗೆ ಬಂದವರು, ಸುಮ್ಮನೆ ಬಂದವರು ಎಲ್ಲರೂ ಊಟದ ಹೊತ್ತಿಗೆ ಸರಿಯಾಗಿ ಅವಳ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಆ ಮನೆಗೆ ಬೀಗ ಬಿದ್ದದ್ದನ್ನು ನಾನು ಕಂಡಿಲ್ಲ. ಬೀಗ ಅಂತ ಒಂದು ಇತ್ತೋ ಇಲ್ಲವೋ ಅದೂ ಗೊತ್ತಿಲ್ಲ.

"ಮನೆ ಬುಟ್ಟು ಬರಕಿಲ್ಲ ಅಂತಾಳಲ್ಲ ಶಶಿ, ಅದ್ಕೇ ಮನೆನೇ ಮಾಡ್ಸ್‌ಬುಟ್ಟೆ. ಅವ್ಳ ಹಿಂದೆನೇ ಬರ್ಲಿ," ಎಂದು ಸಿದ್ದಮಲ್ಲಪ್ಪ ನನ್ನ ಸೈಟಿನಲ್ಲಿ ನಿಂತು ಹೇಳಿದ.

ಉಪಾಯ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಅವನ ಬಾಯಿಂದ. ಯಾರು "ಬಸ್ಸು" ಅಂದರೂ ತಡೆದು ತಿದ್ದುತ್ತಿದ್ದ: "ಬಸ್ಸಲ್ಲ, ಮನೆ." ಹಾಲಿನವನಿಗೂ ತಿದ್ದಿದ. ಬ್ರೇಕ್ ಇನ್ಸ್‌ಪೆಕ್ಟರಿಗೂ ತಿದ್ದಿದ. ಆ ಸಾಹೇಬರು ಒಳಗೆ ಹತ್ತಿ, ಮಂಚ, ಒಲೆ, ದೇವರ ಗೂಡು ನೋಡಿ, "ಏನ್ರೀ ಇದು?" ಎಂದು ಕೇಳಿದರು.

"ಮನೆ ಸಾರ್."

"ಮನೆಯಾದ್ರೆ ನನ್ನ ಹತ್ರ ಯಾಕ್ ತಂದ್ರಿ? ನಗರಸಭೆಗೆ ತಗೊಂಡ್ ಹೋಗಿ."

ನಗರಸಭೆಯವರು ಚಕ್ರ ತೋರಿಸಿ ವಾಪಸು ಕಳಿಸಿದರು. ಎರಡು ಕಡೆಗೂ ಅಲೆದು ಕೊನೆಗೆ ಸಿದ್ದಮಲ್ಲಪ್ಪ ತಲೆ ತಗ್ಗಿಸಿ "ಬಸ್ಸು" ಎಂದು ಒಪ್ಪಿಕೊಂಡ ಮೇಲೆ ಕೆಲಸವಾಯಿತು. ಸಾಹೇಬರು ಇಳಿಯುವಾಗ, ಬಲಗಡೆ ಹಿಂಭಾಗದಲ್ಲಿದ್ದ ಎಮರ್ಜೆನ್ಸಿ ಬಾಗಿಲನ್ನು ತಟ್ಟಿ, "ಇದಕ್ಕೆ ಮಾತ್ರ ಏನೂ ಅಡ್ಡ ಇಡಬೇಡಿ. ಕಷ್ಟಕಾಲಕ್ಕೆ ಇದೇ ಗತಿ," ಅಂದರು. ಆ ದಿನ ನಾವ್ಯಾರೂ ಆ ಮಾತಿಗೆ ಬೆಲೆ ಕೊಡಲಿಲ್ಲ.

ಮುಂದಿನ ವಾರ ಕುದೇರಿನಿಂದ ಸಿದ್ದಮಲ್ಲಪ್ಪನ ಸೋದರತ್ತೆ ದೊಡ್ಡಮಲ್ಲಮ್ಮ ಕಣ್ಣು ತೋರಿಸಲು ಬಂದರು. ಅವರ ಕಣ್ಣು ಮಂಜಾಗಿದ್ದು ನಿಜ. ಆದರೆ ಶಾಸ್ತ್ರ ತಪ್ಪಿದ್ದು ಅವರಿಗೆ ಬೀದಿಯ ಆ ತುದಿಯಿಂದಲೇ ಕಾಣುತ್ತದೆ.

"ಏನ್ಲಾ ಸಿದ್ದ, ಬಸ್ಸು ತಕ್ಕಬುಟ್ಯಂತೆ?"

"ಬಸ್ಸಲ್ಲ ಅತ್ತೆ, ಮನೆ."

ನಾನು ಅಲ್ಲೇ ಇದ್ದೆ. ಬೇಡ ಎಂದು ಕಣ್ಣು ಮಿಟುಕಿಸಿದೆ. ಅವನು ನೋಡಲಿಲ್ಲ. ದೊಡ್ಡಮಲ್ಲಮ್ಮ ಒಳಗೆ ಇಣುಕಿ ಒಲೆ ನೋಡಿದರು, ಮಂಚ ನೋಡಿದರು, ದೇವರ ಗೂಡಿಗೆ ಕೈ ಮುಗಿದರು.

"ಮನೆ ಅಂತೀಯೆ. ಒಕ್ಲಾಗಿದ್ದೀರೇನ್ಲಾ?"

"ಅತ್ತೆ, ಅದು..."

"ಒಕ್ಲಾಗ್ದಿರ ಮನೆಲಿ ಒಲೆ ಅಚ್ಚಿ, ನೆಂಟ್ರು ಇಷ್ಟ್ರುನ್ನೆಲ್ಲ ಮನಗುಸ್ಕಂಡು ಊರೂರ್ ಸುತ್ತೀಯಾ? ನಿಮ್ಮಪ್ಪ ಇದ್ದಿದ್ರೆ ಒಪ್ತಿದ್ನಾ?"

ಒಂದೇ ಒಂದು ಸಲ "ಬಸ್ಸು" ಅಂದಿದ್ದರೆ ಮುಗಿಯುತ್ತಿತ್ತು. ಸರ್ಕಾರದ ಮುಂದೆ ಒಪ್ಪಿಕೊಂಡದ್ದನ್ನು ಅತ್ತೆಯ ಮುಂದೆ ಒಪ್ಪಿಕೊಳ್ಳುವುದು ಅವನಿಂದಾಗಲಿಲ್ಲ. ಹೀಗೆ ಬಸ್ಸಿಗೆ ಗೃಹಪ್ರವೇಶ ಗೊತ್ತಾಯಿತು.

ನನ್ನ ಸೈಟಿಗೆ ಶಾಮಿಯಾನ ಬಂತು. ಚಂದಕವಾಡಿಯಿಂದ ನಂಜಯ್ಯ ಅಯ್ನೋರು ಬಂದರು. ಕುದೇರಿನಿಂದ ನೆಂಟರು ಬಂದರು, ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಗೋಡೆ ಗಡಿಯಾರ. ಆ ಬಸ್ಸಿಗೆ ಇದ್ದದ್ದೆಲ್ಲ ಕಿಟಕಿ, ಗೋಡೆಯೇ ಇಲ್ಲ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಲಕ್ಷ್ಮಿದೇವಿ ಹಿಂದಿನ ದಿನದಿಂದ ಒಲೆಯ ಮುಂದೆಯೇ ಇದ್ದಳು. ಗೃಹಪ್ರವೇಶದ ಮಾರನೆಯ ದಿನವೇ ಸಮುದ್ರಕ್ಕೆ ಹೊರಡುವುದೆಂದು ಗಂಡ ಹೇಳಿದ್ದ. ಅವಳು ಅದಕ್ಕೆಂದೇ ಒಂದು ಸಣ್ಣ ಬ್ಯಾಗು ತುಂಬಿ ಬಸ್ಸಿನ ಮಂಚದ ಕೆಳಗೆ ತಳ್ಳಿದ್ದನ್ನು ನನ್ನ ಹೆಂಡತಿ ಬೃಂದಾ ನೋಡಿ ಬಂದು ನನಗೆ ಹೇಳಿದಳು.

ಅಯ್ನೋರು ಗಂಟೆ ಕೈಗೆತ್ತಿಕೊಳ್ಳುವ ಹೊತ್ತಿಗೆ ದೊಡ್ಡಮಲ್ಲಮ್ಮ ಕೂಗಿದರು. "ನಿಲ್ಸಿ! ಬಾಗ್ಲು ತೆಂಕ್ಲಕ್ಕದೆ!"

ಬಸ್ಸು ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತು. ಎಡಗಡೆಯ ಬಾಗಿಲು ಸರಿಯಾಗಿ ದಕ್ಷಿಣಕ್ಕೆ, ಯಮನ ದಿಕ್ಕಿಗೆ.

"ತಿರುಗ್ಸಿ ನಿಲ್ಸ್‌ಬುಡ್ತೀನಿ ಅಜ್ಜಿ," ಅಂದ ಡ್ರೈವರ್ ಸೋಮೇಶ್.

"ಇವತ್ತು ತಿರುಗ್ಸ್‌ತೀಯೆ. ನಾಳೆ? ಸಮುದ್ರ ಎತ್ತಗದೆ?"

"ಪಡುವ್ಲಕ್ಕೆ."

"ಅತ್ತಗೆ ಹೊಂಟ್ರೆ ಬಾಗ್ಲು ಎತ್ತಗಾಯ್ತದೆ?"

ಸೋಮೇಶ್ ಕೈಯನ್ನೇ ಬಸ್ಸು ಮಾಡಿಕೊಂಡು ತಿರುಗಿಸಿ ನೋಡಿ, "ತೆಂಕ್ಲಕ್ಕೇ ಆಯ್ತದೆ ಕಣಜ್ಜಿ," ಎಂದು ಒಪ್ಪಿಕೊಂಡ. ನಮ್ಮ ಜಿಲ್ಲೆಯಿಂದ ಸಮುದ್ರಕ್ಕೆ ಹೋಗುವ ಎಲ್ಲ ಬಸ್ಸಿನ ಬಾಗಿಲೂ ಯಮನ ಕಡೆಗೇ ಎಂಬ ಭಯಂಕರ ಸತ್ಯ ಎಲ್ಲರಿಗೂ ಒಟ್ಟಿಗೆ ಹೊಳೆದಿತ್ತು. ಲಕ್ಷ್ಮಿದೇವಿ ಸೌಟು ಹಿಡಿದು ತನ್ನ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅವಳ ಮುಖ ಸಣ್ಣಗಾಯಿತು.

ಹಸಿವಾಗಿದ್ದ ನಂಜಯ್ಯ ಅಯ್ನೋರು ಎಲ್ಲರನ್ನೂ ಕಾಪಾಡಿದರು. "ಮೊದ್ಲು ಹಸು ಒಳಕ್ಕೆ ಹೋಗ್ಲಿ. ಆಮೇಲೆ ನೋಡನ."

ಹಲಗೆ ಹಾಕಿ, ಬಾಲ ತಿರುಚಿ, ಬೆಲ್ಲ ತೋರಿಸಿ ಹಸುವನ್ನು ಮುಂದಿನ ಬಾಗಿಲಿಂದ ಹತ್ತಿಸಿದರು. ಹತ್ತಿತು. ಆದರೆ ಮಂಚಕ್ಕೂ ಒಲೆಗೂ ನಡುವೆ ಇದ್ದ ಜಾಗ ಮನುಷ್ಯರಿಗೆ ಅಳೆದದ್ದು. ಹಸುವಿಗೆ ತಿರುಗಲು ಆಗಲಿಲ್ಲ, ಹಿಂದಕ್ಕೆ ಬರಲು ಮನಸ್ಸಾಗಲಿಲ್ಲ. ಅದು ಸಿಂಕಿನ ಮೇಲಿದ್ದ ಕೊತ್ತಂಬರಿ ತಿಂದು, ಹೊಸ ಹಾಸಿಗೆಯ ಮೇಲೆ ಸಗಣಿ ಹಾಕಿತು. ಶುಭ ಎಂದರು ಅಯ್ನೋರು. ಇಷ್ಟಾದ ಮೇಲೆ ಅದನ್ನು ಇಳಿಸುವುದಕ್ಕೆ ಉಳಿದದ್ದು ಒಂದೇ ದಾರಿ. ಎಮರ್ಜೆನ್ಸಿ ಬಾಗಿಲು ತೆಗೆದರು, ನನ್ನ ಮನೆಯ ಅಟ್ಟದ ಹಲಗೆ ತಂದು ಇಳಿಜಾರು ಮಾಡಿದರು. ಹಸು ಮಹಾರಾಣಿಯ ಗತ್ತಿನಲ್ಲಿ ಇಳಿದು ಹೋಯಿತು.

ದೊಡ್ಡಮಲ್ಲಮ್ಮ ಆ ಬಾಗಿಲ ಮುಂದೆ ನಿಂತು, ಸೂರ್ಯನನ್ನು ನೋಡಿ, ನೆರಳನ್ನು ನೋಡಿ, ಗಲ್ಲ ಬಡಿದುಕೊಂಡರು. "ಬಡಗ್ಲ ಬಾಗ್ಲು! ಕುಬೇರನ್ ಬಾಗ್ಲು ಕಣ್ಲಾ! ತಾಯಿ ಅವಳೇ ತೋರ್ಸ್‌ಕೊಟ್ಲು. ಇದೇ ಹೆಬ್ಬಾಗ್ಲು. ಆ ಸನಿ ಬಾಗ್ಲುಗೆ ಹಗ್ಗ ಬಿಗೀರಿ."

ಹೀಗೆ, ನೆಲದಿಂದ ಎದೆಮಟ್ಟ ಎತ್ತರದಲ್ಲಿದ್ದ ಎಮರ್ಜೆನ್ಸಿ ಬಾಗಿಲಿಗೆ ಮಾವಿನ ತೋರಣ ಕಟ್ಟಿದರು, ಅರಿಶಿನ ಕುಂಕುಮ ಹಚ್ಚಿದರು, ಒಂದು ಏಣಿ ಒರಗಿಸಿದರು. ಮುಂದಿನ ಬಾಗಿಲಿಗೆ ಹಗ್ಗ ಬಿಗಿದು ಪರದೆ ಇಳಿಬಿಟ್ಟರು. ಹಾಲು ಉಕ್ಕಿತು. ದೇವರ ಗೂಡಿನಲ್ಲಿ ದೀಪ ಹಚ್ಚಿದ ಮೇಲೆ ದೊಡ್ಡಮಲ್ಲಮ್ಮ ಕಟ್ಟಳೆ ಹೇಳಿದರು: ನಡೆಯುವಾಗ ಮನೆಗೆ ದಿಕ್ಕಿನ ದೋಷ ಇಲ್ಲ, ನಿಂತಾಗ ಮಾತ್ರ ಬಾಗಿಲು ಮೂಡಲಿಗೋ ಬಡಗಲಿಗೋ ಇರಬೇಕು. ಇನ್ನೊಂದು, ಅಮಾವಾಸ್ಯೆ ಕಳೆಯುವ ತನಕ ಹೊಸ ಮನೆಗೆ ಬೀಗ ಹಾಕಬಾರದು. ಮನೆಯವರು ಒಬ್ಬರಾದರೂ ಒಳಗಿರಬೇಕು, ಸಂಜೆ ದೀಪ ತಪ್ಪಬಾರದು.

"ಅದೇನ್ ಮಹಾ ಅತ್ತೆ, ನಾವೆಲ್ಲ ಅದ್ರೊಳ್ಗೇ ಇರ್ತೀವಲ್ಲ," ಅಂದ ಸಿದ್ದಮಲ್ಲಪ್ಪ.

ಮಾರನೆಯ ಬೆಳಿಗ್ಗೆ ಎಲ್ಲರೂ ಏಣಿ ಹತ್ತಿದರು. ನಾನೂ ಹತ್ತಿದೆ, ಮಂಡಿ ನೋವಿನ ಸಮೇತ. ನನಗೆ ಸಮುದ್ರದ ಆಸೆ ಇರಲಿಲ್ಲ. ಆದರೆ ಬೃಂದಾ ಬರದಿದ್ದರೆ ತಾನು ಹೊರಡುವುದಿಲ್ಲ ಅಂದಳು ಲಕ್ಷ್ಮಿದೇವಿ, ನಾನು ಬರದಿದ್ದರೆ ನನಗೆ ಊಟ ಇಲ್ಲ ಅಂದಳು ಬೃಂದಾ. ಊರು ದಾಟುವ ಮೊದಲೇ ಉಪ್ಪಿಟ್ಟು ಕೇಳಿದರು. ತೆರಕಣಾಂಬಿ ಬರುವಷ್ಟರಲ್ಲಿ ಕಾಫಿ ಕೇಳಿದರು. ಬಸ್ಸಿನಲ್ಲಿ ಒಲೆ ಇದೆ ಎಂದು ಗೊತ್ತಾದ ಮೇಲೆ ನಮ್ಮ ಜನಕ್ಕೆ ಹಸಿವು ತಡೆಯುವುದು ಹೇಗೆ? ಲಕ್ಷ್ಮಿದೇವಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಹೊಸ ಸೀರೆಯ ಸೆರಗಿಗೆ ಒಗ್ಗರಣೆ ಸಿಡಿದಿತ್ತು. ಮಂಚದ ಮೇಲಿದ್ದ ಗಡಿಯಾರಗಳೆಲ್ಲ ಬೇರೆ ಬೇರೆ ಹೊತ್ತು ತೋರಿಸುತ್ತ ಗಡಗಡ ಅಲ್ಲಾಡುತ್ತಿದ್ದವು.

ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆಗೆ ತಿರುಗಿದ ಮೇಲೆ, ಚೆಂಡುಹೂವಿನ ಹೊಲದ ಪಕ್ಕ ಮಧ್ಯಾಹ್ನದ ಅಡಿಗೆಗೆ ನಿಲ್ಲಿಸಿದರು. ರಸ್ತೆ ಅಲ್ಲಿ ದಕ್ಷಿಣಕ್ಕೆ ಹೋಗುತ್ತದೆ. ಅಂದರೆ ಹೆಬ್ಬಾಗಿಲು ಪಶ್ಚಿಮಕ್ಕೆ.

"ಪಡುವ್ಲ ಬಾಗ್ಲು ನಮ್ ವಂಸಕ್ಕೆ ಆಗಿ ಬರಕಿಲ್ಲ," ಎಂದು ದೊಡ್ಡಮಲ್ಲಮ್ಮ ಅಕ್ಕಿ ಪಾತ್ರೆಯ ಮುಚ್ಚಳ ಹಾಕಿಬಿಟ್ಟರು. "ತಿರುಗ್ಸ್‌ಲಾ ಸೋಮೇಸ."

ಸೋಮೇಶ್ ಹಿಂದಕ್ಕೆ ತಗೊಂಡ, ಮುಂದಕ್ಕೆ ತಗೊಂಡ, ಮತ್ತೆ ಹಿಂದಕ್ಕೆ ತಗೊಂಡ. ಮೂತಿ ಪಶ್ಚಿಮಕ್ಕೆ ಬಂತು, ಬಾಗಿಲು ಬಡಗಲಿಗೆ ಬಂತು, ಹಿಂದಿನ ಚಕ್ರ ಹೊಲದ ಅಂಚಿನ ಮೋರಿಗೆ ಇಳಿಯಿತು. ಅವನು ರೋಷದಿಂದ ಆಕ್ಸಿಲರೇಟರ್ ತುಳಿದ. ಸುಟ್ಟ ವಾಸನೆ ಬಂತು. ಲಕ್ಷ್ಮಿದೇವಿ ಗಾಬರಿಯಿಂದ ಸಾರಿನ ಪಾತ್ರೆ ನೋಡಿದಳು. ಸುಟ್ಟದ್ದು ಸಾರಲ್ಲ, ಕ್ಲಚ್ ಪ್ಲೇಟು.

ಸೋಮೇಶ್ ಯಾರದೋ ಬೈಕು ಹತ್ತಿ ಪೇಟೆಗೆ ಹೋಗಿ ಬಂದ. ಇಷ್ಟು ಹಳೆಯ ಗಾಡಿಯ ಪ್ಲೇಟು ಗುಂಡ್ಲುಪೇಟೆಯಲ್ಲಿ ಸಿಗುವುದಿಲ್ಲ, ಮೈಸೂರಿಂದ ಬರಬೇಕು, ನಾಳೆ ಬಂದರೂ ಬಂತು, ನಾಳಿದ್ದು ಬಂದರೂ ಬಂತು ಅಂದ. ಅಷ್ಟರಲ್ಲಿ ಒಬ್ಬ ಪೊಲೀಸಪ್ಪನೂ ಬಂದ.

"ಯಾಕ್ರೀ ರೋಡಿಗೆ ಅಡ್ಡ ನಿಲ್ಸಿದ್ದೀರಿ?"

ದೊಡ್ಡಮಲ್ಲಮ್ಮ ಕಿಟಕಿಯಿಂದ ತಲೆ ಹಾಕಿದರು. "ಅಡ್ಡ ನಿಂತಿಲ್ಲ ಕಣಪ್ಪ. ಮನೆ ನ್ಯಾರ್ವಾಗೇ ಅದೆ. ನಿಮ್ ರೋಡೇ ಸೊಟ್ಟ."

ಪೊಲೀಸಪ್ಪ ತೋರಣ ನೋಡಿದ, ಏಣಿ ನೋಡಿದ, ಒಳಗೆ ಉರಿಯುತ್ತಿದ್ದ ದೀಪ ನೋಡಿದ. ಅವನಿಗೂ ಊರಲ್ಲಿ ಒಬ್ಬಳು ಇಂಥ ಅತ್ತೆ ಇದ್ದಿರಬೇಕು. ವಾದ ಮಾಡದೆ, ಹೊಲದವರನ್ನು ಕರೆದು ಎಲ್ಲರಿಂದ ತಳ್ಳಿಸಿ, ಬಸ್ಸಿನ ಮೂತಿಯನ್ನು ಡಾಂಬರಿನಿಂದ ಆಚೆ ಮಾಡಿಸಿದ. "ರಿಪೇರಿ ಆಗೋ ತನಕ ಗಾಡಿ ಬಿಟ್ಟು ಎಲ್ರೂ ಹೋಗ್ಬೇಡಿ. ಒಬ್ರಾದ್ರೂ ಇರ್ಬೇಕು," ಅಂದ. ಕಾನೂನೂ ಶಾಸ್ತ್ರವೂ ಒಂದೇ ಮಾತು ಹೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಲಕ್ಷ್ಮಿದೇವಿ ಅವನಿಗೂ ಎಲೆ ಹಾಕಿದಳು.

ಎಲ್ಲರೂ ಉಣ್ಣುತ್ತಿರುವಾಗ ಹೂವಿನ ಹೊಲದಲ್ಲಿ ಫೋಟೊ ತೆಗೆಯುತ್ತಿದ್ದ ಕೇರಳದ ಇಬ್ಬರು ಹೆಂಗಸರು ತೋರಣ ನೋಡಿ ಬಂದರು. "ಚಾಯ ಉಂಡೋ, ಚೇಚಿ?"

ಲಕ್ಷ್ಮಿದೇವಿ ಯಾಕೆ, ಏನು ಅನ್ನದೆ ಟೀ ಇಟ್ಟಳು. ಟೀ ಕೇಳಿದವರಿಗೆ ಇಲ್ಲ ಅನ್ನುವುದು ಅವಳ ಕೈಗೇ ಗೊತ್ತಿಲ್ಲ. ಕುಡಿದಾದ ಮೇಲೆ ಅವರು ದುಡ್ಡು ಚಾಚಿದರು. "ಓಟ್ಲಲ್ಲ ಕಣಮ್ಮ, ಮನೆ," ಅಂದಳು. ಅಂದವಳು ಹಾಗೇ ನಿಂತಳು. ತನ್ನ ಮಾತು ತನ್ನ ಕಿವಿಗೇ ಬಿದ್ದಂತಿತ್ತು. ಲೋಟ ಎತ್ತಿಡುತ್ತ ಕೇಳಿದಳು, "ನಿಮ್ಮೂರ್ ಸಮುದ್ರ ಇಲ್ಲಿಂದ ಎಷ್ಟ್ ದೂರ?"

ಹಿರಿಯಾಕೆ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೇಳಿದಳು. ಕೋಳಿಕ್ಕೋಡಿಗೆ ಇದೇ ರಸ್ತೆಯಲ್ಲಿ ಬಸ್ಸಿದೆ. ಈಗ ಹತ್ತಿದರೆ ಸಂಜೆಗೆ ಬೀಚು.

ಲಕ್ಷ್ಮಿದೇವಿ ಒಲೆ ಆರಿಸಿದಳು. ಕೈ ತೊಳೆದಳು. ಮಂಚದ ಕೆಳಗಿನ ಬ್ಯಾಗು ಎಳೆದುಕೊಂಡು ದೊಡ್ಡಮಲ್ಲಮ್ಮನ ಮುಂದೆ ಬಂದು ನಿಂತಳು.

"ಅತ್ತೆ, ಮನೆಯವ್ರು ಒಬ್ರು ಇದ್ರೆ ಸಾಕು ಅಂದ್ರಲ್ಲ?"

"ಒಬ್ರು ಇದ್ರೆ ಸಾಕು ಕಣಮ್ಮಿ."

"ಗಂಡಸಾದ್ರೂ ಆಯ್ತದಾ?"

ಈ ಪ್ರಶ್ನೆ ಕುದೇರಿನ ಇತಿಹಾಸದಲ್ಲಿ ಯಾರೂ ಕೇಳಿರಲಿಲ್ಲ. ದೊಡ್ಡಮಲ್ಲಮ್ಮ ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿ ಬಹಳ ಯೋಚಿಸಿದರು. ಸುಳ್ಳು ಹೇಳುವ ಹೆಂಗಸಲ್ಲ ಅವರು. "ದೀಪಕ್ಕೆ ಗಂಡಸೇನು, ಎಂಗಸೇನು? ಆಯ್ತದೆ," ಅಂದರು.

ಸಿದ್ದಮಲ್ಲಪ್ಪ ಎಲೆಯ ಮುಂದಿನಿಂದ ಎಂಜಲು ಕೈಯಲ್ಲೇ ಎದ್ದ. "ಇರು ಕಣೆ, ಇರು. ನಾನೂ ಬತ್ತೀನಿ."

ಲಕ್ಷ್ಮಿದೇವಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ದಣಿವಿತ್ತು, ಜೊತೆಗೆ ಪಾಪ ಅನ್ನುವ ಭಾವವೂ ಇತ್ತು.

"ಮನೆ ಬುಟ್ಟು ಹೆಂಗ್ರೀ ಬರದು?" ಅಂದಳು.

ಅಷ್ಟೂ ಜನ ಉಣ್ಣುವುದನ್ನು ನಿಲ್ಲಿಸಿದರು. ಸಿದ್ದಮಲ್ಲಪ್ಪ ಎಂಜಲು ಕೈ ಇಳಿಬಿಟ್ಟು ಮತ್ತೆ ಎಲೆಯ ಮುಂದೆ ಕೂತ. ಆ ಮಾತಿಗೆ ಉತ್ತರ ಅವನು ಇಷ್ಟು ವರ್ಷ ಹುಡುಕಿರಲಿಲ್ಲ, ಈಗ ಥಟ್ಟನೆ ಎಲ್ಲಿಂದ ಸಿಗಬೇಕು?

ಬೃಂದಾ ಆಗಲೇ ಏಣಿ ಇಳಿದಿದ್ದಳು. "ನೀವೂ ಇಲ್ಲೇ ಇರಿ. ಸಿದ್ದಮಲ್ಲಪ್ಪಣ್ಣಂಗೆ ಒಲೆ ಹಚ್ಚಕ್ಕೂ ಬರಲ್ಲ," ಎಂದು ನನಗೆ ಹೇಳಿದಳು.

"ನನಗೂ ಬರಲ್ಲ."

"ಇಬ್ರೂ ಸೇರ್ಕೊಂಡು ಕಲೀರಿ."

ಕೇರಳದ ಬಸ್ಸು ಬಂದಾಗ ಪೊಲೀಸಪ್ಪನೇ ಉಂಡ ಕೈಯನ್ನು ಹಿಂದಕ್ಕಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಅಡ್ಡ ಹಾಕಿದ. ಆ ಬಸ್ಸಿನ ಬಾಗಿಲು ಯಾವ ದಿಕ್ಕಿಗಿತ್ತೋ, ಲಕ್ಷ್ಮಿದೇವಿ, ಬೃಂದಾ ಇಬ್ಬರೂ ತಿರುಗಿ ಸಹ ನೋಡದೆ ಹತ್ತಿದರು.

ಊಟವಾದ ಮೇಲೆ ನೆಂಟರು ಬಂದ ದಾರಿ ಹಿಡಿದರು. ಯಾರು ಎಷ್ಟು ಹೊತ್ತು ಹೊಲದಲ್ಲಿ ಕೂತಾರು? ದೊಡ್ಡಮಲ್ಲಮ್ಮ ಎಲ್ಲರನ್ನೂ ಕಟ್ಟಿಕೊಂಡು ಆಟೋದಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ರೂಟ್ ಬಸ್ಸಿನಲ್ಲಿ ಊರಿಗೆ ಹೊರಟರು. ಹೊರಡುವ ಮುಂಚೆ ಬಾಗಿಲನ್ನು ಇನ್ನೊಂದು ಸಲ ನೋಡಿ, "ತಳ್ಳಿದ್ದು ಒಳ್ಳೇದೇ ಆಯ್ತು ಕಣ್ಲಾ ಸಿದ್ದ. ಈಗ ಈಸಾನ್ಯಕ್ಕೆ ಬಂದದೆ. ಇನ್ನು ಅಲುಗಾಡುಸ್ಬ್ಯಾಡಿ," ಎಂದು ಆಶೀರ್ವಾದ ಮಾಡಿದರು. ಸೋಮೇಶ್ ಪ್ಲೇಟು ತರಲು ಮೈಸೂರಿಗೆ ಹೋದ. ಚೆಂಡುಹೂವಿನ ನಡುವೆ ನಾನು, ಸಿದ್ದಮಲ್ಲಪ್ಪ, ಒಂದು ರಾಶಿ ಗಡಿಯಾರ ಉಳಿದೆವು.

ಹೊತ್ತು ಇಳಿಯಿತು. ಸಿದ್ದಮಲ್ಲಪ್ಪ ಒಂದಿಷ್ಟು ಬೆಂಕಿಕಡ್ಡಿ ವ್ಯರ್ಥ ಮಾಡಿ ದೀಪ ಹಚ್ಚಿದ. ವಿಭೂತಿ ಇಟ್ಟುಕೊಂಡು ಮಂಚದ ಮೇಲೆ ಕೂತ. "ಒಂದ್ ಮಾತು ಶಶಿ. ಅವ್ಳು ಬ್ಯಾಗ್ ರೆಡಿ ಮಾಡ್ಕಂಡಿದ್ಲು, ಅಲ್ವಾ?" ಎಂದು ಕೇಳಿದ. ಹೌದು ಅಂದೆ. ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಏನೋ ಆಯಿತು.

ಅಷ್ಟರಲ್ಲಿ ಹೆಬ್ಬಾಗಿಲು ಬಡಿದ ಸದ್ದು. ನೋಡಿದರೆ ಕುದೇರಿನ ನೆಂಟ ಮಾದಪ್ಪ, ಹಿಂದೆ ಇನ್ನೂ ಇಬ್ಬರು. ಗುಂಡ್ಲುಪೇಟೆಗೆ ತರಕಾರಿ ಹಾಕಲು ಬಂದವರಂತೆ, ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಮಲ್ಲಮ್ಮ ಸಿಕ್ಕಿದರಂತೆ. "ಮನೆ ಇಲ್ಲೇ ಅದೆ, ಉಣ್ಕಂಡೇ ಓಗಿ ಅಂದ್ರು. ಅಕ್ಕ ಇಲ್ವಾ ಬಾವ?" ಎನ್ನುತ್ತ ಏಣಿಯ ಕೆಳಗೆ ಸಾಲಾಗಿ ಚಪ್ಪಲಿ ಬಿಟ್ಟು ಹತ್ತಿ ಬಂದು ಕೂತರು.

ಸಿದ್ದಮಲ್ಲಪ್ಪ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ನಾನು ಈರುಳ್ಳಿ ತಗೊಂಡೆ, ಅವನು ಎಸರಿಟ್ಟು ರಾಗಿಹಿಟ್ಟು ಸುರಿದ. ಮುದ್ದೆಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಾಗ ಫೋನು ಬಂತು. ನಾನೇ ಸ್ಪೀಕರಿಗೆ ಹಾಕಿ ಹಿಡಿದೆ. ಮೊದಲು ಬರೀ ಗಾಳಿಯ ಸದ್ದು, ನೀರಿನ ಸದ್ದು.

"ಹೆಂಗದೆ?" ಎಂದು ಸಿದ್ದಮಲ್ಲಪ್ಪ ಮೆಲ್ಲಗೆ ಕೇಳಿದ.

"ದೊಡ್ಡುದು ಕಣ್ರೀ. ಬೋ ದೊಡ್ಡುದು," ಅಂದಳು ಲಕ್ಷ್ಮಿದೇವಿ. "ಕಾಲು ನೀರಲ್ಲಿ ಬುಟ್ಕಂಡು ಸುಮ್ನೆ ಕೂತಿವಿ. ಯಾರೂ ಏನೂ ಕೇಳ್ತಿಲ್ಲ."

ಸಿದ್ದಮಲ್ಲಪ್ಪ ಮುದ್ದೆಕೋಲು ಹಿಡಿದೇ ಫೋನಿನ ಕಡೆಗೆ ಬಾಗಿದ.

"ದೀಪ ಅಚ್ಚುದ್ರಾ?"

"ಅಚ್ದೆ."

"ಅದ್ಯಾರು ಮಾತಾಡ್ತಾ ಇರದು?"

"ಮಾದಪ್ಪ ಬಂದವ್ನೆ ಕಣೆ. ಜೊತೆಲಿ ಇನ್ನಿಬ್ರು. ಉಣ್ಣಕ್ಕೆ."

ಆ ಕಡೆಯಿಂದ ನಗು ಕೇಳಿಸಿತು. ಎದುರುಮನೆಯಲ್ಲಿ ಇಷ್ಟು ವರ್ಷ ಇದ್ದೂ ಅವಳು ಹೀಗೆ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹಿಂದೆ ಬೃಂದಾ ಕೂಡ ನಗುತ್ತಿದ್ದಳು. ನಕ್ಕು ಸಾಕಾದ ಮೇಲೆ ಲಕ್ಷ್ಮಿದೇವಿ ಹೇಳಿದಳು, "ಕೈ ಬುಡ್ದೆ ತಿರುವಿ. ಫೋನ್‌ಲಿ ಮಾತಾಡ್ತಾ ನಿಂತ್ಕಂಡ್ರೆ ಮುದ್ದೆ ಗಂಟಾಯ್ತದೆ."

ಅಷ್ಟು ಹೊತ್ತಿಗಾಗಲೇ ಗಂಟಾಗಿತ್ತು.